ಗಾಲಿ ಬೇರೆ, ಕೋವಿ ಬೇರೆ: ಕಾಡಿನ ಗೇಟಿನಲ್ಲಿ ನಿಂತಿರುವ ವಿಕಲಚೇತನರ ಪ್ರಶ್ನೆ

ನಡೆಯಲಾಗದ ಬೇಟೆಗಾರರಿಗೆ ವಾಹನದಲ್ಲಿ ಕೂತು ಗುಂಡು ಹಾರಿಸಲು ಪರವಾನಗಿ ಕೊಡುವ ದೇಶಗಳಿವೆ. ಬೇಟೆಯೇ ನಿಷಿದ್ಧವಾದ ನಮ್ಮಲ್ಲಿ ಆ ಪ್ರಶ್ನೆ ಹುಟ್ಟುವುದಿಲ್ಲ, ಹುಟ್ಟಬೇಕಾಗಿಯೂ ಇಲ್ಲ. ಆದರೆ ಅದರ ಜೊತೆಗೇ ಹುಟ್ಟಬೇಕಿದ್ದ ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳಿಕೊಂಡಿಲ್ಲ.

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕಿನ ಹೆಸರಿನಲ್ಲೇ ಶಿಕಾರಿ ಇದೆ. ಹಿಂದೆ ಈ ಸೀಮೆಯಲ್ಲಿ ಬೇಟೆಗೆ ಪ್ರಾಣಿಗಳು ಹೇರಳವಾಗಿ ಸಿಗುತ್ತಿದ್ದವು, ಅದಕ್ಕೇ ಶಿಕಾರಿಪುರ ಅಂತ ಹೆಸರು ಬಂತು ಎಂಬುದು ಪ್ರತೀತಿ. ಅದೇ ತಾಲ್ಲೂಕಿನ ಈಸೂರಿನಲ್ಲಿ ಇವತ್ತು ಯಾರಾದರೂ ಅನುಮತಿ ಇಲ್ಲದೆ ಕಾಡುಹಂದಿಗೆ ಕೋವಿ ಎತ್ತಿದರೆ ಕೇಸು ಬೀಳುತ್ತೆ. ಜೀಪಿನಲ್ಲಿ ಕೂತು ಎತ್ತಿದರೆ ಕೇಸಿನ ಜೊತೆಗೆ ಜೀಪೂ ಹೋಗುತ್ತೆ. ಹೀಗಿರುವಾಗ "ಅಂಗವೈಕಲ್ಯ ಇರುವ ಬೇಟೆಗಾರರಿಗೆ ಕಾಡಿನೊಳಗೆ ವಾಹನ ಬಿಡಬೇಕೋ ಬೇಡವೋ" ಎಂಬ ಚರ್ಚೆ ನಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸುವುದು ಸಹಜ. ಅಮೆರಿಕದಲ್ಲಿ ಅದು ಮಾಮೂಲಿ ಆಡಳಿತದ ವಿಷಯ. ಮಿಶಿಗನ್, ವಿಸ್ಕಾನ್ಸಿನ್‌ನಂಥ ರಾಜ್ಯಗಳು ನಡೆಯಲಾಗದವರಿಗೆ ನಿಂತ ವಾಹನದಿಂದ ಬೇಟೆಯಾಡಲು ವಿಶೇಷ ಪರವಾನಗಿ ಕೊಡುತ್ತವೆ.

ನಮಗೆ ಅದು ಬೇಡ ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಚರ್ಚೆಯಲ್ಲಿ ಎರಡು ವಸ್ತುಗಳಿವೆ: ಕೋವಿ ಮತ್ತು ಗಾಲಿ. ಕೋವಿಯನ್ನು ನಮ್ಮ ಕಾನೂನು ತಡೆದಿದೆ, ಅದು ಸರಿ. ಗಾಲಿಯ ಕತೆ ಏನು? ಕಾಡಂಚಿನಲ್ಲಿ ಬದುಕುವ, ಕಾಲಿಗೆ ಶಕ್ತಿಯಿಲ್ಲದ ಒಬ್ಬ ರೈತನಿಗೆ, ಸೊಪ್ಪು–ಸೌದೆಗೆ ಹೋಗಬೇಕಾದ ಒಬ್ಬ ಹೆಂಗಸಿಗೆ, ಹಕ್ಕಿ ನೋಡಬೇಕೆನ್ನುವ ಒಬ್ಬ ಹುಡುಗನಿಗೆ ಕಾಡಿನ ದಾರಿ ಎಷ್ಟರಮಟ್ಟಿಗೆ ತೆರೆದಿದೆ?

ಕೂತು ಬೇಟೆಯಾಡಿದವರು ಯಾರು?

ಮೊದಲು ಒಂದು ಹಳೇ ಲೆಕ್ಕ ನೋಡೋಣ. ಭಾರತದಲ್ಲಿ ದೊಡ್ಡವರ ಶಿಕಾರಿ ಯಾವತ್ತೂ ಕಾಲ್ನಡಿಗೆಯದ್ದಾಗಿರಲಿಲ್ಲ. ರಾಜರು, ವೈಸ್‌ರಾಯ್‌ಗಳು ಆನೆ ಮೇಲೆ ಕೂತರು, ಮರದ ಮೇಲಿನ ಅಟ್ಟಣೆಯಲ್ಲಿ ಕೂತರು, ಆಮೇಲೆ ಬೇಟೆಗೆಂದೇ ಮಾಡಿಸಿಕೊಂಡ ಮೋಟಾರು ಕಾರುಗಳಲ್ಲಿ ಕೂತರು. ಮುಳ್ಳು ತುಳಿದು, ತಮಟೆ ಬಡಿದು, ಪ್ರಾಣಿಯನ್ನು ಅವರ ಮುಂದಕ್ಕೆ ಅಟ್ಟಿಕೊಂಡು ಬಂದವರು ಊರಿನ ಬಡವರು. ಕೈಕಾಲು ನೆಟ್ಟಗಿದ್ದ ಶ್ರೀಮಂತನಿಗೆ ಕೂರಲು ಜಾಗ, ಏರಲು ವಾಹನ, ಎತ್ತಿಕೊಡಲು ಆಳು ಎಲ್ಲವೂ ಇತ್ತು. ಅದನ್ನು ಯಾರೂ 'ವಿಶೇಷ ಸೌಲಭ್ಯ' ಅಂತ ಕರೆಯಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜೀಪು ಬಂತು, ಜೊತೆಗೆ ಸ್ಪಾಟ್‌ಲೈಟ್ ಬಂತು. ರಾತ್ರಿ ರಸ್ತೆಯ ಮೇಲೆ ಜೀಪು ಓಡಿಸಿಕೊಂಡು, ಬೆಳಕಿಗೆ ಕಣ್ಣು ಕುಕ್ಕಿ ನಿಂತ ಜಿಂಕೆ, ಕಡವೆಗಳಿಗೆ ಗುಂಡು ಹಾಕುವುದು ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ದೇಶದ ವನ್ಯಜೀವಿ ಸಂಪತ್ತನ್ನು ಕರಗಿಸಿದ ಮುಖ್ಯ ಕಾರಣಗಳಲ್ಲಿ ಒಂದು. ನಮ್ಮ ಕಾನೂನಿಗೆ ವಾಹನದ ಮೇಲೆ ಇರುವ ಸಿಟ್ಟಿನ ಮೂಲ ಇಲ್ಲಿದೆ.

ಕಾನೂನಿನ ಕಣ್ಣಲ್ಲಿ ವಾಹನ ಅಂದರೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಬೇಟೆ ಪೂರ್ತಿ ನಿಂತಿರಲಿಲ್ಲ. ಲೈಸೆನ್ಸ್ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಬಹುದಿತ್ತು. ಆದರೆ ಮೂಲ ಕಾಯ್ದೆಯ 17ನೇ ಕಲಂ ಒಂದು ಷರತ್ತು ಹಾಕಿತ್ತು: ಗಾಲಿ ಇರುವ ಅಥವಾ ಯಂತ್ರದಿಂದ ಓಡುವ ವಾಹನದಿಂದ ಬೇಟೆಯಾಡುವಂತಿಲ್ಲ, ವಾಹನ ಬಳಸಿ ಪ್ರಾಣಿಗಳನ್ನು ಅಟ್ಟುವಂತಿಲ್ಲ. ನಡೆಯಲಾಗದವರಿಗೆ ಅಂತ ಅಲ್ಲಿ ವಿನಾಯಿತಿ ಇರಲಿಲ್ಲ. 1991ರ ತಿದ್ದುಪಡಿ ಲೈಸೆನ್ಸ್ ಬೇಟೆಯನ್ನೇ ತೆಗೆದುಹಾಕಿತು. ಅದರೊಂದಿಗೆ ಆ ಕಲಮೂ ಹೋಯಿತು. ಅಂದರೆ ಅಮೆರಿಕದಲ್ಲಿ ಇವತ್ತಿಗೂ ನಡೆಯುತ್ತಿರುವ ವಾದಕ್ಕೆ ನಮ್ಮಲ್ಲಿ ಮೂವತ್ತು ವರ್ಷದ ಹಿಂದೆಯೇ ತೆರೆ ಬಿದ್ದಿದೆ.

ಆದರೆ ವಾಹನ ಎಂಬ ಪದ ಕಾಯ್ದೆಯಲ್ಲಿ ಉಳಿದುಕೊಂಡಿದೆ. ಅದರ ವ್ಯಾಖ್ಯೆ ಎಷ್ಟು ಅಗಲ ಅಂದರೆ ನೆಲ, ನೀರು, ಗಾಳಿಯಲ್ಲಿ ಸಂಚರಿಸಲು ಬಳಸುವ ಎಲ್ಲವೂ ವಾಹನವೇ. ಎಮ್ಮೆ, ಎತ್ತು, ಕತ್ತೆ, ಕುದುರೆ, ಆನೆಯೂ ಸೇರಿ! ಅಪರಾಧಕ್ಕೆ ಬಳಸಿದ ವಾಹನ ಜಪ್ತಿಯಾದರೆ ಅದು ಸರ್ಕಾರದ ಸ್ವತ್ತು. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ ಅರಣ್ಯ ಅಪರಾಧಕ್ಕೆ ಬಳಸಿದ ವಾಹನವನ್ನು ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶ ಇದೆ.

ಇಷ್ಟು ಅಗಲವಾದ ವ್ಯಾಖ್ಯೆಯಲ್ಲಿ ಗಾಲಿಕುರ್ಚಿಗೆ ಅಂತ ಒಂದು ಸಾಲಿಲ್ಲ. ಸರ್ಕಾರವೇ ವಿಕಲಚೇತನರಿಗೆ ಕೊಡುವ, ಪಕ್ಕದಲ್ಲಿ ಎರಡು ಹೆಚ್ಚುವರಿ ಗಾಲಿ ಇರುವ ಸ್ಕೂಟರ್ ಇದೆಯಲ್ಲ, ಅದಕ್ಕೂ ಇಲ್ಲ. ಒಬ್ಬರ ಕಾಲು ಇನ್ನೊಬ್ಬರ ಮೋಟಾರು ಬೈಕಿನ ಪಟ್ಟಿಗೇ ಸೇರಿಕೊಂಡಿದೆ. ಕಾಯ್ದೆ ಬರೆದವರಿಗೆ ವಾಹನ ಅಂದರೆ ಒಂದೋ ಕಳ್ಳಬೇಟೆಯ ಸಾಧನ, ಇಲ್ಲವೇ ಪ್ರವಾಸಿಗರ ಜೀಪು. ಮೂರನೆಯದು ಒಂದಿರಬಹುದು ಅಂತ ಹೊಳೆದಂತಿಲ್ಲ.

ಅಮೆರಿಕ ಗೆರೆ ಎಳೆದದ್ದು ಎಲ್ಲಿ?

ಇಲ್ಲಿ ಅಮೆರಿಕದಿಂದ ಕಲಿಯಬೇಕಾದದ್ದು ಬೇಟೆಯ ಪರವಾನಗಿಯನ್ನಲ್ಲ. 1990ರಲ್ಲಿ ಬಂದ ಅವರ ಅಂಗವಿಕಲರ ಕಾಯ್ದೆಯಲ್ಲಿ ಒಂದು ಸಣ್ಣ ಕಲಂ ಇದೆ. ಮೋಟಾರು ವಾಹನ ಪೂರ್ತಿ ನಿಷೇಧವಾಗಿರುವ ಸಂರಕ್ಷಿತ ಕಾಡುಗಳಲ್ಲೂ ಗಾಲಿಕುರ್ಚಿ ಬಳಸುವುದನ್ನು ತಡೆಯುವಂತಿಲ್ಲ ಎನ್ನುತ್ತದೆ ಅದು. ಹಂಗಂತ ಅದಕ್ಕಾಗಿ ಕಾಡಿನಲ್ಲಿ ರಸ್ತೆ ಮಾಡಬೇಕಾಗಿಯೂ ಇಲ್ಲ. ಗಾಲಿಕುರ್ಚಿ ಅಂದರೆ ಏನು ಅನ್ನುವುದನ್ನೂ ಅಲ್ಲೇ ಹೇಳಿದ್ದಾರೆ: ನಡೆಯಲಾಗದವರ ಓಡಾಟಕ್ಕೆಂದೇ ತಯಾರಾದ, ಕಟ್ಟಡದೊಳಗೆ ಜನ ನಡೆದಾಡುವ ಜಾಗದಲ್ಲೂ ಬಳಸಬಹುದಾದ ಸಾಧನ. ಜೀಪು ಈ ವ್ಯಾಖ್ಯೆಯೊಳಗೆ ನುಸುಳಲಾರದು. ಬ್ಯಾಟರಿ ಗಾಲಿಕುರ್ಚಿ ಬರುತ್ತದೆ.

ಗಮನಿಸಬೇಕಾದದ್ದು ಈ ವಿಂಗಡಣೆ. ದೇಹದ ಭಾಗದಂತಿರುವ ಗಾಲಿ ಒಂದು ಕಡೆ. ಅನುಕೂಲಕ್ಕೆ, ಮೋಜಿಗೆ, ವೇಗಕ್ಕೆ ಇರುವ ವಾಹನ ಇನ್ನೊಂದು ಕಡೆ. ಮೊದಲನೆಯದು ಹಕ್ಕು, ಎರಡನೆಯದು ಅನುಮತಿ. ನಮ್ಮ ಅರಣ್ಯ ಕಾನೂನುಗಳಲ್ಲಿ ಈ ಎರಡರ ನಡುವೆ ಗೆರೆಯೇ ಇಲ್ಲ.

ನಮ್ಮ ಇತರ ಕಾನೂನುಗಳು ಮಾತ್ರ ಈ ವಿಷಯದಲ್ಲಿ ಮುಂದಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 'ಸಮಂಜಸ ಹೊಂದಾಣಿಕೆ'ಯನ್ನು ಖಾತ್ರಿಪಡಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಸಂಸ್ಕೃತಿ, ಮನರಂಜನೆ, ಕ್ರೀಡೆಗಳಲ್ಲಿ ಪಾಲ್ಗೊಳ್ಳುವುದನ್ನೂ ಹಕ್ಕು ಎನ್ನುತ್ತದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರಾತೂರಿ ಪ್ರಕರಣದಲ್ಲಿ, ಪ್ರವೇಶಾವಕಾಶದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಪಾಲಿಸಲೇಬೇಕಾದ ನಿಯಮಗಳಾಗಬೇಕು ಅಂತ ಹೇಳಿ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ನಮ್ಮಲ್ಲಿ ಆ ತೀರ್ಪಿನ ಚರ್ಚೆ ಬಸ್ ನಿಲ್ದಾಣ, ಕಚೇರಿ, ವೆಬ್‌ಸೈಟುಗಳ ಸುತ್ತಲೇ ಸುತ್ತಿತು. ಕಾಡು, ಕೆರೆದಂಡೆ, ಗದ್ದೆಯಂಚು ಅದರೊಳಗೆ ಬರಲಿಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದಾರೆ. ಅವರಲ್ಲಿ ದೊಡ್ಡ ಸಂಖ್ಯೆಯ ಜನ ಹಳ್ಳಿಗಳಲ್ಲಿದ್ದಾರೆ. ಹಳ್ಳಿಯವರಿಗೆ 'ಸಾರ್ವಜನಿಕ ಸ್ಥಳ' ಅಂದರೆ ಲಿಫ್ಟ್ ಇರುವ ಕಟ್ಟಡ ಮಾತ್ರ ಅಲ್ಲವಲ್ಲ.

ಈಸೂರಿನ ಹೊಲದಂಚಿನಲ್ಲಿ

ಈಸೂರು ಅಂದಕೂಡಲೇ ನೆನಪಾಗುವುದು 1942. ಬ್ರಿಟಿಷರ ಆಳ್ವಿಕೆ ಒಪ್ಪೋದಿಲ್ಲ ಅಂತ ಊರು ತಾನೇ ಸ್ವತಂತ್ರ ಸರ್ಕಾರ ಘೋಷಿಸಿಕೊಂಡಿತು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ನೇಮಿಸಿತು. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ನಿಜವಾದ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಸತ್ತ ಮೇಲೆ ಸೈನ್ಯ ಬಂತು, ಊರು ಲೂಟಿಯಾಯಿತು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಆ ದಿನಗಳಲ್ಲಿ ಊರಿಗೆ ಕಾಡೇ ಆಸರೆ. ಆದರೆ ಅಂಥ ಆಸರೆ ಸಿಗುವುದು ಓಡಲು ಕಾಲಿದ್ದವರಿಗೆ.

ಇವತ್ತು ಕಾಡು–ಊರಿನ ಸಂಬಂಧ ಬೇರೆ ರೀತಿಯದ್ದು. ಈ ಭಾಗದಲ್ಲಿ ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿ ಬೆಳೆಯುವ ರೈತನ ನಿದ್ದೆಗೆಡಿಸುವುದು ಕಾಡುಹಂದಿ. ತೆನೆ ಕಟ್ಟುವ ಹೊತ್ತಿಗೆ ರಾತ್ರಿ ಕಾವಲು ಇರಲೇಬೇಕು. ಕಾವಲು ಅಂದರೆ ಏನು? ಅಟ್ಟಣೆ ಹತ್ತಬೇಕು, ಬದುವಿನ ಮೇಲೆ ನಡೆಯಬೇಕು, ಸದ್ದು ಬಂದ ಕಡೆ ಟಾರ್ಚು ಹಿಡಿದು ಓಡಬೇಕು. ಪೋಲಿಯೊ ಆದ ಕಾಲಿನ ರೈತ, ಮರದಿಂದ ಬಿದ್ದು ಸೊಂಟ ಕಳೆದುಕೊಂಡ ಅಡಿಕೆ ಕೊನೆಗಾರ ಇದನ್ನು ಮಾಡುವುದು ಹೆಂಗೆ? ಕೂಲಿ ಕೊಟ್ಟು ಕಾವಲು ಇಡಬೇಕು, ಇಲ್ಲವೇ ಬೆಳೆ ಬಿಟ್ಟುಕೊಡಬೇಕು. ಅಂಗವೈಕಲ್ಯದ ಈ ಖರ್ಚು ಯಾವ ಪರಿಹಾರದ ಅರ್ಜಿಯಲ್ಲೂ ಕಾಣುವುದಿಲ್ಲ.

ಕಾನೂನು ಇಲ್ಲಿ ಒಂದು ಕಿಂಡಿ ಬಿಟ್ಟಿದೆ. ವನ್ಯಜೀವಿ ಕಾಯ್ದೆಯ 11ನೇ ಕಲಂ ಪ್ರಕಾರ, ಪ್ರಾಣಿಯೊಂದು ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯಕಾರಿ ಅಂತ ಮನವರಿಕೆಯಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಲಿಖಿತ ಆದೇಶದ ಮೂಲಕ ಅದನ್ನು ಕೊಲ್ಲಲು ಯಾರಿಗಾದರೂ ಅನುಮತಿ ಕೊಡಬಹುದು. ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿರುವುದರಿಂದ ಈ ಅವಕಾಶದೊಳಗೆ ಬರುತ್ತದೆ. ಇನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆಂದು ಮೂತಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಅವಕಾಶ ಇದೆ. ಮಲೆನಾಡಿನವರು ಕೇಪಿನ ಕೋವಿ ಅನ್ನುವುದು ಇದನ್ನೇ. ಎರಡೂ ಕಲಂಗಳ ಹಿಂದಿರುವ ರೈತನ ಚಿತ್ರ ಒಂದೇ: ನಿಲ್ಲಬಲ್ಲ, ಓಡಬಲ್ಲ, ಕೋವಿ ತುಂಬಿ ಗುರಿ ಹಿಡಿಯಬಲ್ಲ ಗಂಡಸು.

ಹಂಗಾದ್ರೆ ನಡೆಯಲಾಗದ ರೈತನಿಗೆ ಜೀಪಿನಿಂದ ಗುಂಡು ಹೊಡೆಯಲು ಬಿಡಬೇಕಾ? ಬೇಡ. ರಾತ್ರಿ ಹೊತ್ತು ಹೊಲದಂಚಿನಲ್ಲಿ ವಾಹನ, ಬೆಳಕು, ಕೋವಿ ಮೂರೂ ಒಟ್ಟಾದರೆ ಕಳ್ಳಬೇಟೆಗೂ ಬೆಳೆ ಕಾವಲಿಗೂ ವ್ಯತ್ಯಾಸ ಹೇಳುವುದು ಯಾವ ಗಾರ್ಡಿಗೂ ಸಾಧ್ಯವಿಲ್ಲ. ಪಕ್ಕದ ಹೊಲದಲ್ಲಿ ಮಲಗಿದವರ ಜೀವಕ್ಕೂ ಅದು ಅಪಾಯ. ಆದರೆ ಅದೇ 11ನೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ. ಅಧಿಕಾರಿ ಅನುಮತಿ ಕೊಡುವುದಷ್ಟೇ ಅಲ್ಲ, ಆ ಕೆಲಸವನ್ನು ತಾನೇ ಮಾಡಿಸಲೂಬಹುದು. ಎಲ್ಲರಿಗೂ ಹಾಗೆ ಮಾಡಿಸಿಕೊಡುವುದು ಇಲಾಖೆಗೆ ಆಗದ ಮಾತು, ಒಪ್ಪೋಣ. ತನ್ನ ಬೆಳೆ ತಾನು ಕಾಯಲಾಗದವರಿಗೆ ಮಾಡಿಕೊಡುವುದು ಸಮಂಜಸ ಹೊಂದಾಣಿಕೆಯೇ. ಬೇಲಿಯ ವಿಷಯದಲ್ಲೂ ಅಷ್ಟೆ. ಸೋಲಾರ್ ಬೇಲಿಯ ಸಹಾಯಧನದ ಸಾಲಿನಲ್ಲಿ ಅವರ ಹೆಸರು ಮೊದಲಿರಬೇಕು. ಹಾಗೆ ಮಾಡಿದರೆ ಕೋವಿಯ ಮಾತೇ ಬರುವುದಿಲ್ಲ.

ವಿಚಿತ್ರ ಅಂದರೆ ಅರಣ್ಯ ಇಲಾಖೆಗೆ ಅಂಗವೈಕಲ್ಯ ಎಂಬ ಪದ ಹೊಸದಲ್ಲ. ಕಾಡುಪ್ರಾಣಿ ದಾಳಿಯಿಂದ ಶಾಶ್ವತ ಅಂಗವೈಕಲ್ಯ ಆದರೆ ಕೊಡುವ ಪರಿಹಾರವನ್ನು ರಾಜ್ಯ ಸರ್ಕಾರ 2022ರ ಕೊನೆಗೆ 5 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಿತು. ಪ್ರಾಣಿ ತುಳಿದು ಕಾಲು ಹೋದರೆ ಇಲಾಖೆಯ ಕಡತದಲ್ಲಿ ಜಾಗ ಇದೆ. ಕಾಲು ಹೋದವನು ಮಾರನೇ ವರ್ಷ ಅದೇ ಹೊಲವನ್ನು ಹೇಗೆ ಕಾಯುತ್ತಾನೆ ಎನ್ನುವುದಕ್ಕೆ ಕಡತ ಇಲ್ಲ.

ತಲೆಹೊರೆಯಿಂದ ಗಾಡಿಗೆ

ಕಾಡಿನಲ್ಲಿ ವಾಹನದ ನಿಯಮ ಬದಲಾಗುವುದೇ ಇಲ್ಲ ಅನ್ನುವವರಿಗೆ ಒಂದು ಉದಾಹರಣೆ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಸಾಂಪ್ರದಾಯಿಕ ಹಕ್ಕುಗಳನ್ನು ಮಾನ್ಯ ಮಾಡುವಾಗ ಬೇಟೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿತು. ಆದರೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಹಕ್ಕನ್ನು ಕೊಟ್ಟಿತು. 2008ರ ನಿಯಮಗಳು ಆ ಉತ್ಪನ್ನವನ್ನು ಕಾಡಿನೊಳಗೆ ಸಾಗಿಸುವುದು ಹೇಗೆ ಅಂತ ಹೇಳುವಾಗ ತಲೆಹೊರೆ, ಸೈಕಲ್, ಕೈಗಾಡಿ ಎಂದು ಪಟ್ಟಿ ಮಾಡಿದ್ದವು. ಹೊರಲಾರದವರು, ತುಳಿಯಲಾರದವರು, ತಳ್ಳಲಾರದವರು ಆ ಪಟ್ಟಿಯಲ್ಲಿ ಇರಲಿಲ್ಲ. 2012ರ ತಿದ್ದುಪಡಿ ಆ ಪಟ್ಟಿಯನ್ನು ಕೈಬಿಟ್ಟು 'ಸೂಕ್ತ ಸಾರಿಗೆ ಸಾಧನ' ಅಂತ ಬದಲಿಸಿತು. ಅಂಗವೈಕಲ್ಯವನ್ನು ಮನಸ್ಸಿನಲ್ಲಿಟ್ಟು ಮಾಡಿದ ಬದಲಾವಣೆ ಅದಲ್ಲ. ಆದರೂ ಬೇಟೆಗೆ ಬಾಗಿಲು ತೆರೆಯದೇನೇ ಬದುಕಿಗೆ ಗಾಡಿ ಬಿಡಬಹುದು ಎಂಬುದಕ್ಕೆ ಅದೇ ಸಾಕ್ಷಿ.

ಬಂಡೀಪುರದ್ದೂ ಇಂಥದೇ ಪಾಠ. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ ಇದೆ. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೂ ಆಂಬುಲೆನ್ಸಿಗೆ ದಾರಿ ಇದೆ, ಗೊತ್ತುಮಾಡಿದ ಕೆಲವೇ ಬಸ್ಸುಗಳಿಗೂ ಇದೆ. ಅದರಿಂದ ನಿಷೇಧ ಮುರಿದುಬಿದ್ದಿಲ್ಲ. ಯಾರಿಗೆ, ಯಾಕೆ, ಎಷ್ಟು ಹೊತ್ತಿಗೆ ಅಂತ ಸ್ಪಷ್ಟವಾಗಿ ಬರೆದರೆ ವಿನಾಯಿತಿ ನಿಯಮವನ್ನು ತಿಂದುಹಾಕುವುದಿಲ್ಲ.

ನಮ್ಮ ಜಿಲ್ಲೆಯಲ್ಲೇ ನೋಡಿ. ಶರಾವತಿ ಹಿನ್ನೀರಿನ ಆಚೆಯ ತುಮರಿ ಸೀಮೆಯವರು ದಶಕಗಟ್ಟಲೆ ಲಾಂಚನ್ನೇ ನಂಬಿ ಬದುಕಿದರು. ಲಾಂಚ್ ನಿಂತ ಮೇಲೆ ರೋಗಿಗೂ ಬಾಣಂತಿಗೂ ಹತ್ತಿರದ ದಾರಿ ಇರಲಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ಮಾತ್ರ ಆ ಬವಣೆಗೆ ಕೊನೆ ಬಂತು. ಶೆಟ್ಟಿಹಳ್ಳಿ ಅಭಯಾರಣ್ಯದೊಳಗೂ ಅದೇ ಶರಾವತಿ ಯೋಜನೆಯಲ್ಲಿ ಮುಳುಗಡೆಯಾಗಿ ಬಂದವರ ಊರುಗಳಿವೆ. ಅಲ್ಲಿ ರಸ್ತೆಯ ಪ್ರಶ್ನೆ ಬಂದಾಗಲೆಲ್ಲ ಅದು 'ಅಭಿವೃದ್ಧಿ ವಿರುದ್ಧ ಕಾಡು' ಎಂಬ ಜಗಳವಾಗುತ್ತದೆ. ಆ ಜಗಳದಲ್ಲಿ ನಡೆಯಬಲ್ಲವರ ಮಾತೇ ಎರಡೂ ಕಡೆ ಕೇಳಿಸುತ್ತದೆ.

ನೋಡುವುದಕ್ಕೂ ದಾರಿ ಬೇಕು

ಬದುಕಿನ ಪ್ರಶ್ನೆ ಮೊದಲು, ನಿಜ. ಹಂಗಂತ ಕಾಡನ್ನು ಬರೀ ನೋಡಬೇಕು ಅನ್ನುವ ಆಸೆ ಕಡಿಮೆಯದ್ದಲ್ಲ. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮ ಒಂದು ಚದರ ಕಿಲೋಮೀಟರಿಗಿಂತ ಚಿಕ್ಕದು. ಮಳೆಗಾಲದಲ್ಲಿ ಕೆರೆಯೊಳಗಿನ ಮರಗಳ ಮೇಲೆ ಬಿಳಿ ಕೆಂಬರಲು, ಬೆಳ್ಳಕ್ಕಿಗಳು ಗೂಡು ಕಟ್ಟುವುದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಇಂಥ ಚಿಕ್ಕ ಜಾಗದಲ್ಲಿ ಕೆರೆಯ ಒಂದು ಬದಿಗೆ ಗಾಲಿಕುರ್ಚಿ ಉರುಳುವ ಗಟ್ಟಿ ದಾರಿ, ಮೆಟ್ಟಿಲಿಲ್ಲದ ಒಂದು ವೀಕ್ಷಣಾ ಜಾಗ ಇದ್ದರೆ ಸಾಕು, ಅದಕ್ಕೆ ಮರ ಕಡಿಯಬೇಕಿಲ್ಲ. ವೀಕ್ಷಣೆ ಅಂದರೆ ಗೋಪುರ, ಗೋಪುರ ಅಂದರೆ ಮೆಟ್ಟಿಲು ಎಂಬ ಲೆಕ್ಕಾಚಾರ ಬದಲಾಗಬೇಕು ಅಷ್ಟೆ. ಸಫಾರಿ ಜೀಪುಗಳದ್ದೂ ಅದೇ ಸಮಸ್ಯೆ. ಕಾಡಿನೊಳಗೆ ಹೋಗಲು ವಾಹನಕ್ಕೆ ಅನುಮತಿ ಇದೆ, ಆದರೆ ಆ ಎತ್ತರದ ವಾಹನಕ್ಕೆ ಹತ್ತಲು ಕಾಲು ಬೇಕು. ದುಡ್ಡಿರುವವರ ಜೀಪಿಗೆ ತೆರೆಯುವ ಗೇಟು ಗಾಲಿಕುರ್ಚಿಯವರಿಗೂ ತೆರೆಯಲಿ ಅನ್ನುವುದು ಅತಿಯಾಸೆ ಏನಲ್ಲ.

ದುರುಪಯೋಗದ ಭಯ

ಅರಣ್ಯ ಇಲಾಖೆಯ ಸಿಬ್ಬಂದಿಗೆ, ಪರಿಸರದ ಕೆಲಸ ಮಾಡುವವರಿಗೆ ಒಂದು ಆತಂಕ ಇರುತ್ತದೆ: ಒಬ್ಬರಿಗೆ ಬಿಟ್ಟರೆ ಹತ್ತು ಜನ ಬರುತ್ತಾರೆ, ವಿಕಲಚೇತನರ ಹೆಸರಲ್ಲಿ ಸೌದೆ ಕಳ್ಳರು, ಕಳ್ಳಬೇಟೆಗಾರರು ನುಗ್ಗುತ್ತಾರೆ. ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ವಾಹನದಿಂದ ಕಾಡಿಗೆ ಆಗಿರುವ ಹಾನಿಯ ನೆನಪು ಇನ್ನೂ ಹಸಿಯಾಗಿದೆ.

ಆದರೆ ಇದಕ್ಕೆ ಉತ್ತರ ಎಲ್ಲರನ್ನೂ ತಡೆಯುವುದಲ್ಲ. ವಿಕಲಚೇತನರಿಗೆ ಗುರುತಿನ ಚೀಟಿ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಯಾರಿಗೆ ಏನು ತೊಂದರೆ ಅಂತ ಅವರಿಗೆ ಗೊತ್ತಿರುತ್ತದೆ. ಎಷ್ಟೋ ಕಡೆ ಗ್ರಾಮ ಅರಣ್ಯ ಸಮಿತಿಗಳಿವೆ. ಇವರು ಕೂತು ಊರಿನ ಹತ್ತಿಪ್ಪತ್ತು ಜನರ ಪಟ್ಟಿ ಮಾಡುವುದು ಕಷ್ಟದ ಕೆಲಸವಲ್ಲ. ಹಗಲು ಹೊತ್ತು, ಈಗಾಗಲೇ ಇರುವ ದಾರಿಯಲ್ಲಿ, ಗೊತ್ತಿರುವ ವ್ಯಕ್ತಿಯ, ಗೊತ್ತಿರುವ ನಂಬರಿನ ಮೂರು ಚಕ್ರದ ಸ್ಕೂಟರಿಗೆ ಬಿಡುವುದರಿಂದ ಕಳ್ಳಬೇಟೆ ಹೆಚ್ಚುವುದಿಲ್ಲ. ಕಳ್ಳಬೇಟೆಗಾರ ಹೆಸರು ಬರೆಸಿ ಕಾಡಿಗೆ ಹೋಗುವವನಲ್ಲ.

ಏನು ಮಾಡಬಹುದು?

ಇದಕ್ಕೆ ಕೇಂದ್ರದ ಕಾಯ್ದೆ ತಿದ್ದುಪಡಿಯಾಗುವವರೆಗೆ ಕಾಯಬೇಕಾಗಿಲ್ಲ. ಮೊದಲನೆಯದಾಗಿ, ರಾಜ್ಯ ಅರಣ್ಯ ಇಲಾಖೆ ಒಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಹೇಳಬೇಕು: ಗಾಲಿಕುರ್ಚಿ ಮತ್ತು ವಿಕಲಚೇತನರಿಗೆಂದೇ ತಯಾರಾದ ಓಡಾಟದ ಸಾಧನಗಳನ್ನು ಪ್ರವೇಶದ ವಿಷಯದಲ್ಲಿ ಮಾಮೂಲಿ ವಾಹನ ಅಂತ ನೋಡಬಾರದು, ಜನ ನಡೆದುಹೋಗಬಹುದಾದ ಕಡೆಯೆಲ್ಲ ಅವೂ ಹೋಗಬಹುದು. ಆಯುಧಕ್ಕೆ ಇದರಲ್ಲಿ ಯಾವ ವಿನಾಯಿತಿಯೂ ಇಲ್ಲ.

ಎರಡನೆಯದು, ಬೆಳೆಹಾನಿ. ಕಾಡಂಚಿನ ವಿಕಲಚೇತನ ರೈತರ ಪಟ್ಟಿ ಪ್ರತಿ ವಲಯ ಕಚೇರಿಯಲ್ಲಿರಬೇಕು. ಹಾನಿಯಾದಾಗ ಮಹಜರಿಗೆ ಅವರನ್ನು ಕಚೇರಿಗೆ ಅಲೆಸದೆ ಸಿಬ್ಬಂದಿಯೇ ಹೊಲಕ್ಕೆ ಹೋಗಬೇಕು, ಬೇಲಿಯ ಸಹಾಯಧನದಲ್ಲಿ ಅವರಿಗೆ ಆದ್ಯತೆ ಬೇಕು. 11ನೇ ಕಲಂ ಅಡಿ ಕ್ರಮ ಅನಿವಾರ್ಯ ಅನ್ನಿಸಿದಾಗ ಅದನ್ನು ಇಲಾಖೆಯೇ ಮಾಡಿಸಬೇಕು.

ಮೂರನೆಯದು, ಪಕ್ಷಿಧಾಮ, ಸಫಾರಿ, ಆನೆ ಬಿಡಾರಗಳು. ಗುಡವಿ, ತ್ಯಾವರೆಕೊಪ್ಪ, ಸಕ್ರೆಬೈಲು ಮೂರೂ ಒಂದೇ ಜಿಲ್ಲೆಯಲ್ಲಿವೆ. ಅಲ್ಲಿಂದ ಶುರು ಮಾಡಬಹುದು. ವಿಕಲಚೇತನರನ್ನೇ ಕರೆದುಕೊಂಡು ಹೋಗಿ, ಎಲ್ಲಿ ಗಾಲಿ ಸಿಕ್ಕಿಕೊಳ್ಳುತ್ತೆ ಅಂತ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ.

ನಾಲ್ಕನೆಯದು ಊರಿನವರು ಮಾಡಬೇಕಾದದ್ದು. ಗ್ರಾಮ ಪಂಚಾಯಿತಿಗಳು ತಮ್ಮ ನಿಧಿಯಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಇಡಬೇಕೆಂಬ ನಿಯಮ ಇದೆ. ಅದು ಬರೀ ಊರುಗೋಲು, ಕನ್ನಡಕ ಹಂಚುವುದಕ್ಕೆ ಮುಗಿಯಬಾರದು. ಹೊಲದ ದಾರಿ, ಕೆರೆಯ ದಾರಿ, ಕಾಡಿನ ದಾರಿ ಸರಿ ಮಾಡುವುದಕ್ಕೂ ಸಲ್ಲಬೇಕು. ಈಸೂರಿನಂಥ ಊರಿನ ಗ್ರಾಮಸಭೆಯಲ್ಲಿ ಈ ಒಂದು ವಿಷಯ ಚರ್ಚೆಗೆ ಬಂದು ಠರಾವು ಆದರೂ ಅದು ಇಲಾಖೆಯ ಮೇಜಿಗೆ ಹೋಗುತ್ತದೆ.

ನಡೆಯಲಾಗದವರಿಗೆ ಬೇಟೆಯ ಹಕ್ಕು ಬೇಕು ಅಂತ ಇಲ್ಲಿ ಯಾರೂ ಕೇಳುತ್ತಿಲ್ಲ. ನಡೆಯಬಲ್ಲವರಿಗೆ ಕಾಡಿನಲ್ಲಿ, ಹೊಲದಂಚಿನಲ್ಲಿ ಏನೇನು ಮಾಡಲು ಕಾನೂನು ಬಿಟ್ಟಿದೆಯೋ ಅಷ್ಟನ್ನು ತಾವೂ ಮಾಡುವಂತಾಗಬೇಕು ಎನ್ನುವುದಷ್ಟೇ ಅವರ ಪಾಲಿನ ನ್ಯಾಯ.